ಒಂದೇ ಮತಪತ್ರ, ಬೇರೆ ಬೇರೆ ತೀರ್ಪು: ನಾರ್ತ್ ಕ್ಯಾರೊಲೈನಾ 2024

2024ರ ನವೆಂಬರ್ 5ರಂದು ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದಲ್ಲಿ ಅಧ್ಯಕ್ಷ ಹುದ್ದೆಗೂ ಗವರ್ನರ್ ಹುದ್ದೆಗೂ ಒಟ್ಟಿಗೆ ಮತದಾನ ನಡೆಯಿತು. ಅಧ್ಯಕ್ಷ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷದ ಡೊನಾಲ್ಡ್ ಟ್ರಂಪ್ 28,98,423 ಮತ ಪಡೆದರು. ಡೆಮಾಕ್ರಟಿಕ್ ಪಕ್ಷದ ಕಮಲಾ ಹ್ಯಾರಿಸ್ ಅವರಿಗೆ ಬಿದ್ದದ್ದು 27,15,375. ಅಂತರ ಶೇ 3ಕ್ಕಿಂತ ಸ್ವಲ್ಪ ಜಾಸ್ತಿ. ರಾಜ್ಯದ 16 ಎಲೆಕ್ಟೋರಲ್ ಮತಗಳೂ (ಅಧ್ಯಕ್ಷರನ್ನು ಕೊನೆಗೆ ಆರಿಸುವ ಪ್ರತಿನಿಧಿಗಳ ಮತ) ಟ್ರಂಪ್ ಪಾಲಾದವು. ಗವರ್ನರ್ ಚುನಾವಣೆಯಲ್ಲಿ ಗೆದ್ದವರು ಡೆಮಾಕ್ರಟಿಕ್ ಪಕ್ಷದ ಜಾಶ್ ಸ್ಟೈನ್. ಅವರಿಗೆ 30,69,496 ಮತ, ರಿಪಬ್ಲಿಕನ್ ಅಭ್ಯರ್ಥಿ ಮಾರ್ಕ್ ರಾಬಿನ್ಸನ್ ಅವರಿಗೆ 22,41,309. ಇಲ್ಲಿ ಅಂತರ ಹೆಚ್ಚುಕಮ್ಮಿ ಶೇ 15.

ಅಲ್ಲಿನ ಗವರ್ನರ್ ನಮ್ಮ ರಾಜ್ಯಪಾಲರ ಹಾಗೆ ನೇಮಕವಾಗಿ ಬಂದವರಲ್ಲ. ನಮ್ಮಲ್ಲಿ ಮುಖ್ಯಮಂತ್ರಿ ಮಾಡುವ ಕೆಲಸ ಅವರದ್ದು, ಜನ ನೇರವಾಗಿ ಆರಿಸುತ್ತಾರೆ.

ಈಗ ಲೆಕ್ಕ ನೋಡಿ. ಟ್ರಂಪ್‌ಗೆ ಬಿದ್ದ ಮತಕ್ಕಿಂತ ರಾಬಿನ್ಸನ್‌ಗೆ ಬಿದ್ದದ್ದು 6.57 ಲಕ್ಷ ಕಡಿಮೆ. ಹ್ಯಾರಿಸ್‌ಗಿಂತ ಸ್ಟೈನ್‌ಗೆ 3.54 ಲಕ್ಷ ಜಾಸ್ತಿ. ಅಂದರೆ ಲಕ್ಷಾಂತರ ಜನ ಟ್ರಂಪ್ ಹೆಸರಿನ ಪಕ್ಕ ಗುರುತು ಮಾಡಿದರು, ಅದೇ ಪೆನ್ನಿನಲ್ಲಿ ಸ್ವಲ್ಪ ಕೆಳಗೆ ಸ್ಟೈನ್ ಹೆಸರಿಗೂ ಗುರುತು ಮಾಡಿದರು. ಇನ್ನು ಕೆಲವರು ಸಣ್ಣ ಪಕ್ಷಗಳ ಕಡೆ ಹೋದರು, ಕೆಲವರು ಗವರ್ನರ್ ಜಾಗವನ್ನು ಖಾಲಿ ಬಿಟ್ಟರು.

ನಾರ್ತ್ ಕ್ಯಾರೊಲೈನಾಕ್ಕೆ ಇದು ಹೊಸದಲ್ಲ. 2016ರಲ್ಲಿ ಟ್ರಂಪ್ ಗೆದ್ದ ದಿನವೇ ಡೆಮಾಕ್ರಟಿಕ್ ಪಕ್ಷದ ರಾಯ್ ಕೂಪರ್ ಬರೀ 10,277 ಮತಗಳಿಂದ ಗವರ್ನರ್ ಆದರು. 2020ರಲ್ಲಿ ಮತ್ತೆ ಇಬ್ಬರೂ ಗೆದ್ದರು. ಆದರೆ 2024ರಲ್ಲಿ ಕಂಡಷ್ಟು ದೊಡ್ಡ ಬಿರುಕು ಆ ಎರಡು ಸಲವೂ ಇರಲಿಲ್ಲ. ನನ್ನ ಕುತೂಹಲ ಮಾತ್ರ ಆ ಬಿರುಕಿಗಷ್ಟೇ ನಿಲ್ಲುವುದಿಲ್ಲ. ಜನ ಒಂದೊಂದು ಹುದ್ದೆಗೂ ಬೇರೆ ಬೇರೆ ಲೆಕ್ಕ ಹಾಕಿದರು, ಅದು ಸ್ಪಷ್ಟ. ಆ ಲೆಕ್ಕ ಎಷ್ಟು ಅಧಿಕಾರವಾಗಿ ಯಾರ ಕೈ ಸೇರಿತು ಅನ್ನೋದನ್ನು ನಿರ್ಧರಿಸಿದ್ದು ಬೇರೆ ಎರಡು ಸಂಗತಿ: ಕ್ಷೇತ್ರದ ಗಡಿ ಎಳೆದವರು ಯಾರು, ಮತ ಎಣಿಸುವ ವ್ಯವಸ್ಥೆ ಯಾರ ಹಿಡಿತದಲ್ಲಿದೆ.

ಹಾಳೆಯ ಮೇಲೆ ಏನೇನಿತ್ತು

ಅಲ್ಲಿ ಬಹುತೇಕ ಕಡೆ ಮತ ಹಾಕುವುದು ಕಾಗದದ ಮೇಲೆ. ಹೆಸರಿನ ಪಕ್ಕದ ಮೊಟ್ಟೆಯಾಕಾರದ ಖಾಲಿ ಗುರುತನ್ನು ಪೆನ್ನಿನಿಂದ ತುಂಬಬೇಕು, ಆಮೇಲೆ ಹಾಳೆಯನ್ನು ಎಣಿಕೆ ಯಂತ್ರದೊಳಗೆ ತೂರಿಸಬೇಕು. ಹಾಳೆಯ ತುದಿಯಲ್ಲಿ ಅಧ್ಯಕ್ಷರು. ಆಮೇಲೆ ಅಮೆರಿಕದ ಕೆಳಮನೆಯ ಸದಸ್ಯ. ಆಮೇಲೆ ರಾಜ್ಯದ ಹುದ್ದೆಗಳ ಸಾಲು: ಗವರ್ನರ್, ಲೆಫ್ಟಿನೆಂಟ್ ಗವರ್ನರ್ (ಉಪ ಗವರ್ನರ್), ಅಟಾರ್ನಿ ಜನರಲ್ (ರಾಜ್ಯದ ಮುಖ್ಯ ಕಾನೂನು ಅಧಿಕಾರಿ), ಲೆಕ್ಕ ಪರಿಶೋಧಕ, ಖಜಾಂಚಿ, ಕೃಷಿ, ವಿಮೆ, ಕಾರ್ಮಿಕ, ಶಿಕ್ಷಣ ಇಲಾಖೆಗಳ ಮುಖ್ಯಸ್ಥರು, ರಾಜ್ಯ ಕಾರ್ಯದರ್ಶಿ. ನಮ್ಮಲ್ಲಿ ಮುಖ್ಯಮಂತ್ರಿ ತಮ್ಮ ಸಂಪುಟವನ್ನು ತಾವೇ ಆರಿಸಿಕೊಂಡರೆ ಅಲ್ಲಿ ಇಂಥ ಹತ್ತು ಹುದ್ದೆಗೂ ಜನವೇ ಒಬ್ಬೊಬ್ಬರನ್ನಾಗಿ ಆರಿಸುತ್ತಾರೆ. ಅದಾದ ಮೇಲೆ ರಾಜ್ಯದ ಎರಡು ಸದನಗಳ ಸದಸ್ಯರು, ನ್ಯಾಯಾಧೀಶರು, ಸ್ಥಳೀಯ ಹುದ್ದೆಗಳು. ಹೌದು, ರಾಜ್ಯದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳಿಗೂ ಚುನಾವಣೆ, ಅದೂ ಹೆಸರಿನ ಪಕ್ಕ ಪಕ್ಷದ ಹೆಸರು ಹಾಕಿಕೊಂಡು.

ಮೊದಲು ಈ ಹಾಳೆಯಲ್ಲಿ ಒಂದು ಸುಲಭದ ದಾರಿ ಇತ್ತು. ಒಂದೇ ಗುರುತು ಮಾಡಿದರೆ ಆ ಪಕ್ಷದ ಅಭ್ಯರ್ಥಿಗಳಿಗೆಲ್ಲ ಮತ ಬೀಳುತ್ತಿತ್ತು. ಅಧ್ಯಕ್ಷ ಹುದ್ದೆಗೆ ಮಾತ್ರ ಆಗಲೂ ಬೇರೆ ಗುರುತು ಬೇಕಿತ್ತು. 2013ರ ಕಾನೂನು ಆ ಸೌಲಭ್ಯವನ್ನೇ ತೆಗೆದುಹಾಕಿತು. ಈಗ ಪ್ರತಿ ಹುದ್ದೆಗೂ ನಿಂತು ಯೋಚಿಸಲೇಬೇಕು, ಇಲ್ಲದಿದ್ದರೆ ಖಾಲಿ ಬಿಡಬೇಕು. ರಾಜ್ಯದಲ್ಲಿ ಯಾವ ಪಕ್ಷದ ಹೆಸರಲ್ಲೂ ನೋಂದಾಯಿಸಿಕೊಳ್ಳದ ಮತದಾರರೇ ಈಗ ಅತಿ ದೊಡ್ಡ ಗುಂಪು. 2022ರಲ್ಲೇ ಅವರು ಡೆಮಾಕ್ರಟರ ಸಂಖ್ಯೆಯನ್ನು ಹಿಂದೆ ಹಾಕಿದರು.

ಆ ಹತ್ತು ಹುದ್ದೆಗಳ ಫಲಿತಾಂಶ ಏನಾಯಿತು? ಐದು ಡೆಮಾಕ್ರಟರಿಗೆ, ಐದು ರಿಪಬ್ಲಿಕನ್ನರಿಗೆ. ಗವರ್ನರ್, ಲೆಫ್ಟಿನೆಂಟ್ ಗವರ್ನರ್, ಅಟಾರ್ನಿ ಜನರಲ್, ರಾಜ್ಯ ಕಾರ್ಯದರ್ಶಿ, ಶಿಕ್ಷಣ ಒಂದು ಕಡೆ. ಲೆಕ್ಕ ಪರಿಶೋಧಕ, ಖಜಾಂಚಿ, ಕೃಷಿ, ವಿಮೆ, ಕಾರ್ಮಿಕ ಇನ್ನೊಂದು ಕಡೆ. ರಾಜ್ಯ ಕಾರ್ಯದರ್ಶಿ ಎಲೇನ್ ಮಾರ್ಷಲ್ 1997ರಿಂದಲೂ ಅದೇ ಕುರ್ಚಿಯಲ್ಲಿದ್ದಾರೆ. ಕೃಷಿ ಮುಖ್ಯಸ್ಥ ಸ್ಟೀವ್ ಟ್ರಾಕ್ಸ್‌ಲರ್ 2005ರಿಂದ. ಪಕ್ಷ ಬೇರೆ ಬೇರೆ, ಆದರೆ ಇಬ್ಬರನ್ನೂ ಜನ ಸುಮ್ನೆ ಮುಂದುವರಿಸಿದರು. ಗಾಳಿ ಯಾವ ಕಡೆ ಬೀಸಿದರೂ ಇಂಥವರು ಅಲುಗಾಡುವುದಿಲ್ಲ.

ಕಾರ್ಮಿಕ ಇಲಾಖೆಯ ಕಥೆ ಸ್ವಲ್ಪ ತಮಾಷೆಯದು. ಅಲ್ಲಿ ಲಿಫ್ಟ್‌ಗಳ ತಪಾಸಣೆ ಆ ಇಲಾಖೆಯ ಕೆಲಸ. 2001ರಿಂದ 20 ವರ್ಷ ಆ ಹುದ್ದೆಯಲ್ಲಿದ್ದ ಶೆರಿ ಬೆರಿ, ತಪಾಸಣೆ ಪತ್ರದ ಮೇಲೆ ತಮ್ಮ ಫೋಟೊ ಹಾಕಿಸಿದ್ದರು. ಲಿಫ್ಟ್ ಹತ್ತಿದವರೆಲ್ಲ ಮಹಡಿ ಬರುವ ತನಕ ಆ ಮುಖ ನೋಡುತ್ತಲೇ ನಿಲ್ಲಬೇಕು. ಅದಕ್ಕಿಂತ ಅಗ್ಗದ ಪ್ರಚಾರ ಉಂಟಾ? ಮುಂದೆ ಬಂದವರು ಫೋಟೊ ನಿಲ್ಲಿಸಿದರು. 2024ರಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಲ್ಯೂಕ್ ಫಾರ್ಲಿ ಲಿಫ್ಟಿನ ಫೋಟೊ ವಾಪಸ್ ತರುತ್ತೇನೆ ಎಂದೇ ಪ್ರಚಾರ ಮಾಡಿ ಗೆದ್ದರು.

ರಾಬಿನ್ಸನ್ ಯಾಕೆ ಇಷ್ಟು ಕೆಳಗೆ ಹೋದರು

ಮಾರ್ಕ್ ರಾಬಿನ್ಸನ್ ಆ ರಾಜ್ಯದ ಮೊದಲ ಕಪ್ಪುವರ್ಣೀಯ ಲೆಫ್ಟಿನೆಂಟ್ ಗವರ್ನರ್. 2024ರ ಮಾರ್ಚ್‌ನಲ್ಲಿ ಟ್ರಂಪ್ ಈ ರಾಬಿನ್ಸನ್‌ರನ್ನು ಮಾರ್ಟಿನ್ ಲೂಥರ್ ಕಿಂಗ್ ಅವರಿಗಿಂತಲೂ ಮಿಗಿಲು ಎಂಬರ್ಥದಲ್ಲಿ ಹೊಗಳಿದ್ದರು. ಮಾತುಗಾರ, ಬಾಯಿ ಜೋರು. ಅದೇ ಅವರಿಗೆ ಮುಳುವಾಯಿತು. ಗರ್ಭಪಾತದ ಬಗ್ಗೆ, ಹೆಂಗಸರ ಬಗ್ಗೆ ಅವರು ಹಿಂದೆ ಆಡಿದ ಮಾತಿನ ತುಣುಕುಗಳನ್ನೇ ಸ್ಟೈನ್ ತಂಡ ಟಿವಿ ಜಾಹೀರಾತು ಮಾಡಿತು. ಬೇರೆ ಟೀಕೆ ಬರೆಯುವ ಅಗತ್ಯವೇ ಬೀಳಲಿಲ್ಲ.

ಸೆಪ್ಟೆಂಬರ್ 19ರಂದು ಸಿಎನ್‌ಎನ್ ಒಂದು ವರದಿ ಹೊರಹಾಕಿತು. ಒಂದು ಅಶ್ಲೀಲ ಜಾಲತಾಣದಲ್ಲಿ ಹನ್ನೆರಡು ಹದಿನಾಲ್ಕು ವರ್ಷಗಳ ಹಿಂದೆ ರಾಬಿನ್ಸನ್ ತಮ್ಮನ್ನು ಕಪ್ಪು ನಾಜಿ ಎಂದು ಕರೆದುಕೊಂಡಿದ್ದರು, ಗುಲಾಮಗಿರಿಯನ್ನು ಬೆಂಬಲಿಸಿ ಬರೆದಿದ್ದರು ಎಂಬುದು ಅದರ ಸಾರ. ರಾಬಿನ್ಸನ್ ಅದನ್ನು ಅಲ್ಲಗಳೆದರು, ಸಿಎನ್‌ಎನ್ ಮೇಲೆ ಮೊಕದ್ದಮೆಯನ್ನೂ ಹಾಕಿದರು. ಚುನಾವಣೆ ಮುಗಿದ ಮೇಲೆ ಜನವರಿಯಲ್ಲಿ ಅದನ್ನು ವಾಪಸ್ ತೆಗೆದುಕೊಂಡರು. ಅವರ ಪ್ರಚಾರ ತಂಡದ ದೊಡ್ಡವರು ರಾಜೀನಾಮೆ ಕೊಟ್ಟರು. ಟ್ರಂಪ್ ವೇದಿಕೆಯಲ್ಲಿ ಅವರು ಮತ್ತೆ ಕಾಣಿಸಲಿಲ್ಲ.

ಆದರೆ ಆ ವರದಿಯೊಂದರಿಂದಲೇ ಸೋತರು ಅನ್ನುವುದು ಪೂರ್ತಿ ಸರಿಯಲ್ಲ. ಅದಕ್ಕೂ ಮೊದಲೇ ಸ್ಟೈನ್ ಮುಂದಿದ್ದರು. ಶಿಕ್ಷಣ ಇಲಾಖೆಯ ಸ್ಪರ್ಧೆ ನೋಡಿದರೆ ಇದು ಅರ್ಥವಾಗುತ್ತದೆ. ಅಲ್ಲಿ ರಿಪಬ್ಲಿಕನ್ ಪಕ್ಷದವರೇ ಆದ ಹಾಲಿ ಮುಖ್ಯಸ್ಥೆ ಕ್ಯಾಥರೀನ್ ಟ್ರೂಯಿಟ್ ಅವರನ್ನು ಪಕ್ಷದೊಳಗಿನ ಚುನಾವಣೆಯಲ್ಲಿ ಮಿಶೆಲ್ ಮಾರೊ ಸೋಲಿಸಿದ್ದರು. ಮಾರೊ ತಮ್ಮ ಮಕ್ಕಳನ್ನು ಮನೆಯಲ್ಲೇ ಓದಿಸಿದವರು. ಬರಾಕ್ ಒಬಾಮಾ ಅವರಿಗೆ ಮರಣದಂಡನೆ ಆಗಬೇಕು ಎಂಬ ಅವರ ಹಳೆಯ ಪೋಸ್ಟ್ ಹೊರಗೆ ಬಂತು. ನವೆಂಬರ್‌ನಲ್ಲಿ ಅವರು ಡೆಮಾಕ್ರಟಿಕ್ ಪಕ್ಷದ ಮೋ ಗ್ರೀನ್ ಎದುರು ಸುಮಾರು ಶೇ 2ರಷ್ಟು ಅಂತರದಲ್ಲಿ ಸೋತರು. ಪಕ್ಷದ ಒಳಗೆ ಚಪ್ಪಾಳೆ ಗಿಟ್ಟಿಸಿದ ಮಾತು ಹೊರಗಿನ ಮತದಾರರಿಗೆ ಹಿಡಿಸಲಿಲ್ಲ. ಅದೇ ಪಕ್ಷದ ಸದ್ದುಗದ್ದಲವಿಲ್ಲದ ಅಭ್ಯರ್ಥಿಗಳು ಅದೇ ದಿನ ಆರಾಮವಾಗಿ ಗೆದ್ದರು.

ಇಲ್ಲೇ ಇನ್ನೊಂದು ಸಂಗತಿ ಹೇಳಿಬಿಡುತ್ತೇನೆ. ಆ ರಾಜ್ಯದಲ್ಲಿ ಗವರ್ನರ್ ಮತ್ತು ಲೆಫ್ಟಿನೆಂಟ್ ಗವರ್ನರ್ ಜೋಡಿಯಾಗಿ ಗೆಲ್ಲುವುದಿಲ್ಲ, ಬೇರೆ ಬೇರೆ ಪಕ್ಷದವರೂ ಆಗಬಹುದು. ಗವರ್ನರ್ ರಾಜ್ಯದಿಂದ ಹೊರಗೆ ಹೋದರೆ ಅಧಿಕಾರ ಲೆಫ್ಟಿನೆಂಟ್ ಕೈಗೆ. 2023ರ ಅಕ್ಟೋಬರ್‌ನಲ್ಲಿ ಕೂಪರ್ ಜಪಾನ್‌ಗೆ ಹೋಗಿದ್ದಾಗ ರಾಬಿನ್ಸನ್ ಹಂಗಾಮಿ ಗವರ್ನರ್ ಹೆಸರಲ್ಲಿ ಇಸ್ರೇಲ್‌ಗೆ ಬೆಂಬಲ ಸೂಚಿಸುವ ವಾರವೊಂದನ್ನು ಘೋಷಿಸಿಬಿಟ್ಟರು. 2024ರಲ್ಲಿ ಹ್ಯಾರಿಸ್ ಜೊತೆ ಉಪಾಧ್ಯಕ್ಷ ಅಭ್ಯರ್ಥಿಯಾಗಬಹುದು ಎಂದು ಕೂಪರ್ ಹೆಸರು ಓಡಾಡುತ್ತಿತ್ತು. ಅವರು ಹಿಂದೆ ಸರಿದದ್ದಕ್ಕೆ ಈ ಭಯವೂ ಒಂದು ಕಾರಣವಾಗಿತ್ತು. ದೇಶ ಸುತ್ತುತ್ತಾ ಪ್ರಚಾರ ಮಾಡಿದರೆ ಮನೆ ಕೀಲಿಕೈ ರಾಬಿನ್ಸನ್ ಬಳಿ ಇರುತ್ತದಲ್ಲ!

ಚಂಡಮಾರುತ ಮತ್ತು ಮತದಾನ

ಸೆಪ್ಟೆಂಬರ್ 27ರಂದು ಹೆಲೀನ್ ಚಂಡಮಾರುತ ರಾಜ್ಯದ ಪಶ್ಚಿಮದ ಬೆಟ್ಟ ಪ್ರದೇಶವನ್ನು ಕೊಚ್ಚಿಹಾಕಿತು. ಆ ಒಂದು ರಾಜ್ಯದಲ್ಲೇ ನೂರಕ್ಕೂ ಹೆಚ್ಚು ಜನ ಸತ್ತರು. ಚುನಾವಣೆಗೆ ಇನ್ನೂ ಆರು ವಾರವೂ ಇರಲಿಲ್ಲ. ಅಂಚೆ ಕಚೇರಿ ಮುಚ್ಚಿದ್ದವು, ರಸ್ತೆ ಇಲ್ಲ, ಕೆಲವು ಮತಗಟ್ಟೆಗಳು ಇದ್ದ ಕಟ್ಟಡಗಳೇ ಇಲ್ಲ. ರಾಜ್ಯ ಚುನಾವಣಾ ಮಂಡಳಿಯಲ್ಲಿ ಎರಡೂ ಪಕ್ಷದವರು ಇದ್ದರು. ಅಕ್ಟೋಬರ್ 7ರಂದು ಅವರು ಒಮ್ಮತದಿಂದ 13 ಕೌಂಟಿಗಳಿಗೆ (ನಮ್ಮ ಜಿಲ್ಲೆಯಂಥವು) ನಿಯಮ ಸಡಿಲಿಸಿದರು. ಡೇರೆ ಹಾಕಿ ಮತಗಟ್ಟೆ ಮಾಡಿದರು. ಆಶ್‌ವಿಲ್ ನಗರದಲ್ಲಿ ನಲ್ಲಿ ನೀರು ಕುಡಿಯಬಹುದು ಎಂದು ಹೇಳಿದ್ದು ನವೆಂಬರ್ 18ರಂದು. ಅಂದರೆ ಮತದಾನದ ದಿನವೂ ಅಲ್ಲಿ ಬಾಟಲಿ ನೀರೇ ಗತಿ. ಹಾಗಿದ್ದೂ ಆ ಭಾಗದ ಮತದಾನ ರಾಜ್ಯದ ಸರಾಸರಿಗಿಂತ ಹಿಂದೆ ಬೀಳಲಿಲ್ಲ. ಇಡೀ ರಾಜ್ಯದಲ್ಲಿ ಸುಮಾರು 57 ಲಕ್ಷ ಜನ ಮತ ಹಾಕಿದರು. ಅದರಲ್ಲಿ 42 ಲಕ್ಷಕ್ಕೂ ಹೆಚ್ಚು ಜನ ಮತದಾನದ ದಿನಕ್ಕೆ ಮೊದಲೇ ಕೇಂದ್ರಗಳಿಗೆ ಹೋಗಿ ಹಾಕಿ ಬಂದಿದ್ದರು.

ಹೆಲೀನ್ ಹೆಸರು ಮುಂದೆ ಇನ್ನೊಂದು ಜಾಗದಲ್ಲಿ ಬರುತ್ತದೆ, ಅದು ಇಷ್ಟು ಚೆನ್ನಾದ ಕಾರಣಕ್ಕಲ್ಲ.

ಗಡಿ ಎಳೆದವರ ಪಾಲು

ಅಮೆರಿಕದ ಕೆಳಮನೆಗೆ ನಾರ್ತ್ ಕ್ಯಾರೊಲೈನಾದಿಂದ 14 ಸ್ಥಾನ. 2022ರಲ್ಲಿ ಕೋರ್ಟ್ ಉಸ್ತುವಾರಿಯಲ್ಲಿ ತಯಾರಾದ ನಕ್ಷೆಯಲ್ಲಿ ಫಲಿತಾಂಶ 7–7 ಆಗಿತ್ತು. 2024ರಲ್ಲಿ ಅದು 10–4 ಆಯಿತು, ರಿಪಬ್ಲಿಕನ್ನರ ಕಡೆಗೆ. ಎರಡು ವರ್ಷದಲ್ಲಿ ಜನರ ಮನಸ್ಸು ಅಷ್ಟು ಬದಲಾಯಿತೇ? ಇಲ್ಲ. ಟ್ರಂಪ್‌ಗೇ ಸಿಕ್ಕಿದ್ದು ಶೇ 51ಕ್ಕಿಂತ ಒಂದು ಚೂರು ಕಡಿಮೆ. ಬದಲಾದದ್ದು ನಕ್ಷೆ.

ನಮ್ಮಲ್ಲಿ ಕ್ಷೇತ್ರ ಮರುವಿಂಗಡಣೆಗೆ ಪ್ರತ್ಯೇಕ ಆಯೋಗ ರಚಿಸುತ್ತಾರೆ. ಅಲ್ಲಿ ಬಹುತೇಕ ರಾಜ್ಯಗಳಲ್ಲಿ ಶಾಸಕರೇ ಗೆರೆ ಎಳೆಯುತ್ತಾರೆ. ನಾರ್ತ್ ಕ್ಯಾರೊಲೈನಾದಲ್ಲಂತೂ ಆ ನಕ್ಷೆಯನ್ನು ಗವರ್ನರ್ ತಡೆಹಿಡಿಯುವಂತೆಯೇ ಇಲ್ಲ, ರಾಜ್ಯದ ಸಂವಿಧಾನ ಆ ಅಧಿಕಾರ ಕೊಟ್ಟಿಲ್ಲ. ಉಳಿದ ಒಂದೇ ಅಡ್ಡಿ ರಾಜ್ಯದ ಸುಪ್ರೀಂ ಕೋರ್ಟ್. ಪಕ್ಷದ ಲಾಭಕ್ಕಾಗಿ ಗೆರೆ ಎಳೆಯುವುದು ತಪ್ಪು ಎಂದು ಆ ಕೋರ್ಟ್ 2022ರಲ್ಲಿ ಹೇಳಿತ್ತು. ಆದರೆ ಅದೇ ವರ್ಷದ ಚುನಾವಣೆಯಲ್ಲಿ ಎರಡು ನ್ಯಾಯಮೂರ್ತಿ ಸ್ಥಾನ ರಿಪಬ್ಲಿಕನ್ನರಿಗೆ ಹೋದವು, ಕೋರ್ಟ್ 5–2 ಆಯಿತು. 2023ರ ಏಪ್ರಿಲ್‌ನಲ್ಲಿ ಹೊಸ ಬಹುಮತ ಹಳೆಯ ತೀರ್ಪನ್ನು ಕಿತ್ತುಹಾಕಿತು. ಆ ವರ್ಷವೇ ಹೊಸ ನಕ್ಷೆ ಬಂತು. ಮೂವರು ಡೆಮಾಕ್ರಟಿಕ್ ಸಂಸದರು ಗೆಲ್ಲುವ ದಾರಿ ಕಾಣದೆ ಸ್ಪರ್ಧೆಯನ್ನೇ ಬಿಟ್ಟರು.

ಆ ಮೂವರಲ್ಲಿ ಒಬ್ಬರು ಜೆಫ್ ಜಾಕ್ಸನ್. ಅವರ 14ನೇ ಕ್ಷೇತ್ರವನ್ನು ಬದಲಿಸಿ ಬರೆದಾಗ ರಾಜ್ಯ ಕೆಳಮನೆಯ ಸ್ಪೀಕರ್ ಆಗಿದ್ದವರು ಟಿಮ್ ಮೂರ್. 2024ರಲ್ಲಿ ಆ ಹೊಸ 14ನೇ ಕ್ಷೇತ್ರದಿಂದ ನಿಂತು ಗೆದ್ದವರೂ ಟಿಮ್ ಮೂರ್! ಜಾಕ್ಸನ್ ಇಡೀ ರಾಜ್ಯ ಒಂದೇ ಕ್ಷೇತ್ರವಾಗಿರುವ ಅಟಾರ್ನಿ ಜನರಲ್ ಹುದ್ದೆಗೆ ನಿಂತರು. ರಿಪಬ್ಲಿಕನ್ ಸಂಸದ ಡ್ಯಾನ್ ಬಿಷಪ್ ಅವರನ್ನು ಹೆಚ್ಚುಕಮ್ಮಿ ಶೇ 3ರ ಅಂತರದಲ್ಲಿ ಸೋಲಿಸಿದರು. ರಾಜ್ಯದ ಗಡಿಯನ್ನು ಯಾರೂ ತಿದ್ದುವಂತಿಲ್ಲ ನೋಡಿ.

ರಾಜ್ಯದ ಶಾಸನಸಭೆಯಲ್ಲೂ ಇದೇ ಆಟ. ಗವರ್ನರ್ ತಡೆದ ಮಸೂದೆಯನ್ನು ಮತ್ತೆ ಪಾಸು ಮಾಡಲು ಐದನೇ ಮೂರು ಭಾಗ ಬೇಕು: 120ರ ಕೆಳಮನೆಯಲ್ಲಿ 72, 50ರ ಮೇಲ್ಮನೆಯಲ್ಲಿ 30. 2022ರ ಚುನಾವಣೆ ಮುಗಿದಾಗ ರಿಪಬ್ಲಿಕನ್ನರಿಗೆ ಕೆಳಮನೆಯಲ್ಲಿ 71 ಇತ್ತು. 2023ರ ಏಪ್ರಿಲ್‌ನಲ್ಲಿ ಡೆಮಾಕ್ರಟಿಕ್ ಪಕ್ಷದಿಂದ ಗೆದ್ದಿದ್ದ ಟ್ರಿಶಿಯಾ ಕಾಥಮ್ ಪಕ್ಷ ಬದಲಿಸಿದರು, 72 ಆಯಿತು. ಪಕ್ಷಾಂತರ ನಿಷೇಧ ಕಾಯ್ದೆ ಅಲ್ಲಿಲ್ಲ. ರೆಸಾರ್ಟ್ ಕೂಡ ಬೇಕಾಗಲಿಲ್ಲ. 2024ರಲ್ಲಿ ಅವರು ರಿಪಬ್ಲಿಕನ್ ಆಗಿ ಕೆಲವೇ ನೂರು ಮತದಿಂದ ಗೆದ್ದರು, ಆದರೆ ಪಕ್ಷದ ಒಟ್ಟು ಸಂಖ್ಯೆ ಮತ್ತೆ 71ಕ್ಕೆ ಇಳಿಯಿತು. ಮೇಲ್ಮನೆಯಲ್ಲಿ 30 ಉಳಿಯಿತು. ಆ ಚುನಾವಣೆ ಮುಗಿದಾಗ ಸ್ಟೈನ್ ಅವರ ವಿಟೊ (ಮಸೂದೆ ತಡೆಯುವ ಅಧಿಕಾರ) ಬದುಕಿಕೊಂಡದ್ದು ಆ ಒಂದು ಸ್ಥಾನದ ದಯೆಯಿಂದ.

734

ಹಾಳೆಯ ಮೇಲಿನ ತುದಿಯಲ್ಲಿದ್ದ ಅಧ್ಯಕ್ಷ ಸ್ಪರ್ಧೆ ಒಂದು ರಾತ್ರಿಯಲ್ಲಿ ತೀರ್ಮಾನವಾಯಿತು. ಕೆಳಗಿದ್ದ ಒಂದು ನ್ಯಾಯಮೂರ್ತಿ ಸ್ಥಾನಕ್ಕೆ ಆರು ತಿಂಗಳು ಹಿಡಿಯಿತು.

ಹಾಲಿ ನ್ಯಾಯಮೂರ್ತಿ ಆಲಿಸನ್ ರಿಗ್ಸ್ ಡೆಮಾಕ್ರಟಿಕ್ ಪಕ್ಷದವರು. ಎದುರು ನಿಂತವರು ರಾಜ್ಯದ ಮೇಲ್ಮನವಿ ಕೋರ್ಟಿನ ನ್ಯಾಯಾಧೀಶ, ರಿಪಬ್ಲಿಕನ್ ಪಕ್ಷದ ಜೆಫರ್ಸನ್ ಗ್ರಿಫಿನ್. ಮೊದಲ ರಾತ್ರಿ ಗ್ರಿಫಿನ್ ಸುಮಾರು 10,000 ಮತದಿಂದ ಮುಂದಿದ್ದರು. ಅಂಚೆ ಮತ, ಪರಿಶೀಲನೆಗೆ ಇಟ್ಟಿದ್ದ ಮತಗಳು ಸೇರುತ್ತಾ ಹೋದಂತೆ ಲೆಕ್ಕ ತಿರುಗಿತು. ಕೊನೆಗೆ ರಿಗ್ಸ್ 27,70,412, ಗ್ರಿಫಿನ್ 27,69,678. ಅಂತರ 734. ಯಂತ್ರದಲ್ಲಿ ಮರುಎಣಿಕೆ ಮಾಡಿದರು. ಆಮೇಲೆ ಅಲ್ಲೊಂದು ಇಲ್ಲೊಂದು ಮತಗಟ್ಟೆ ಆರಿಸಿ ಕೈಯಲ್ಲಿ ಎಣಿಸಿ ನೋಡಿದರು. ಫಲಿತಾಂಶ ಬದಲಾಗಲಿಲ್ಲ. ಅಧ್ಯಕ್ಷರಿಗೆ ಮತ ಹಾಕಿ ಈ ಸಾಲನ್ನು ಖಾಲಿ ಬಿಟ್ಟವರು ಒಂದೂವರೆ ಲಕ್ಷಕ್ಕೂ ಹೆಚ್ಚು ಅನ್ನೋದನ್ನು ಈ 734ರ ಪಕ್ಕ ಇಟ್ಟು ನೋಡಬೇಕು.

ಜಯನಗರ ಕ್ಷೇತ್ರದ 2023ರ ರಾತ್ರಿ ನೆನಪಿರುವವರಿಗೆ ಈ ಉಸಿರುಗಟ್ಟುವ ಸ್ಥಿತಿ ಗೊತ್ತು. ತಿರಸ್ಕರಿಸಿದ ಅಂಚೆ ಮತಗಳ ಸುತ್ತ ಗಲಾಟೆ, ಮರುಎಣಿಕೆ, ಕೊನೆಗೆ ಸಿ.ಕೆ. ರಾಮಮೂರ್ತಿ 16 ಮತದಿಂದ ಗೆದ್ದರು. ಆದರೆ ಜಯನಗರದಲ್ಲಿ ಜಗಳ ಇದ್ದದ್ದು ಒಂದಷ್ಟು ಅಂಚೆ ಮತಗಳ ಮೇಲೆ. ಗ್ರಿಫಿನ್ ಪ್ರಶ್ನಿಸಿದ್ದು 65,000ಕ್ಕೂ ಹೆಚ್ಚು ಮತಗಳನ್ನು.

ಅದರಲ್ಲಿ 60,000ಕ್ಕೂ ಹೆಚ್ಚು ಮತದಾರರ ಮೇಲಿದ್ದ ಆಕ್ಷೇಪ ಇಷ್ಟೇ: ಅವರ ನೋಂದಣಿ ದಾಖಲೆಯಲ್ಲಿ ಡ್ರೈವಿಂಗ್ ಲೈಸೆನ್ಸ್ ಸಂಖ್ಯೆಯಾಗಲಿ, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯ (ನಮ್ಮ ಆಧಾರ್ ಸಂಖ್ಯೆಯಂಥದ್ದು) ಕೊನೆಯ ನಾಲ್ಕು ಅಂಕಿಯಾಗಲಿ ಇಲ್ಲ. ಆದರೆ ಹಳೆಯ ಅರ್ಜಿ ನಮೂನೆಯಲ್ಲಿ ಆ ಜಾಗ ತುಂಬುವುದು ಕಡ್ಡಾಯ ಎಂದು ಸರಿಯಾಗಿ ಹೇಳಿಯೇ ಇರಲಿಲ್ಲ. 2023ರಲ್ಲಿ ದೂರು ಬಂದ ಮೇಲೆ ನಮೂನೆ ತಿದ್ದಿದರು. ಹಳಬರನ್ನು ಯಾರೂ ಮತ್ತೆ ಕೇಳಲಿಲ್ಲ. ಇವರು ಯಾರೂ ಕದ್ದು ಮತ ಹಾಕಿದವರಲ್ಲ. ಮತಗಟ್ಟೆಗೆ ಬಂದವರು ಫೋಟೊ ಗುರುತಿನ ಚೀಟಿ ತೋರಿಸಿಯೇ ಹಾಕಿದ್ದರು. ಇನ್ನೊಂದು ಗುಂಪು ಸೈನ್ಯದಲ್ಲಿರುವವರು, ವಿದೇಶದಲ್ಲಿರುವವರು. ಅವರ ಅಂಚೆ ಮತದ ಜೊತೆ ಗುರುತಿನ ಚೀಟಿಯ ಪ್ರತಿ ಇಲ್ಲ ಎಂಬುದು ತಕರಾರು. ಅವರಿಗೆ ಅದು ಬೇಡ ಎಂದು ಚುನಾವಣಾ ಮಂಡಳಿಯ ನಿಯಮವೇ ಹೇಳಿತ್ತು! ಈ ಎರಡನೇ ಗುಂಪಿನ ಆಕ್ಷೇಪವನ್ನು ರಾಜ್ಯದ 100 ಕೌಂಟಿಗಳಲ್ಲೂ ಎತ್ತಲಿಲ್ಲ. ಗಿಲ್‌ಫರ್ಡ್, ಡರ್ಹಮ್ ಥರದ ಡೆಮಾಕ್ರಟರ ಪ್ರಾಬಲ್ಯದ ಕೆಲವೇ ಕೌಂಟಿಗಳನ್ನು ಹೆಕ್ಕಿದರು.

ಮತದಾರರಿಗೆ ಈ ಸುದ್ದಿ ತಿಳಿಸಿದ ರೀತಿ ನೋಡಿ. ಪಕ್ಷದ ಕಡೆಯಿಂದ ಒಂದು ಪೋಸ್ಟ್‌ಕಾರ್ಡ್ ಬಂತು, ಅದರ ಮೇಲೆ ಕ್ಯೂಆರ್ ಕೋಡ್. ಸ್ಕ್ಯಾನ್ ಮಾಡಿ ಪಟ್ಟಿಯಲ್ಲಿ ತಮ್ಮ ಹೆಸರು ಹುಡುಕಿಕೊಳ್ಳಬೇಕು. ಜಾಹೀರಾತು ಕಾಗದ ಅಂದುಕೊಂಡು ಕಸದ ಬುಟ್ಟಿಗೆ ಹಾಕುವಂಥದ್ದು ಅದು. ತಮ್ಮ ಮತವೇ ಹೋಗಬಹುದು ಎಂಬ ನೋಟಿಸ್ ಹೀಗೆ ಬರುವುದಾ? ಇದು ಸರಿಯಾದ ನೋಟಿಸ್ ಅಲ್ಲ ಎಂದು ಚುನಾವಣಾ ಮಂಡಳಿಯೂ ಹೇಳಿತು. ಡಿಸೆಂಬರ್ 11ರಂದು ಈ ಆಕ್ಷೇಪಗಳನ್ನು ತಳ್ಳಿಹಾಕಿತು.

ಆಮೇಲೆ ಕೋರ್ಟಿನ ಅಲೆದಾಟ ಶುರು. 2025ರ ಜನವರಿ 7ರಂದು ರಾಜ್ಯ ಸುಪ್ರೀಂ ಕೋರ್ಟ್ ಪ್ರಮಾಣಪತ್ರ ಕೊಡದಂತೆ ತಡೆಯಿತು. ರಿಗ್ಸ್ ತಮ್ಮದೇ ಪ್ರಕರಣದಿಂದ ದೂರ ಉಳಿದರು. ಫೆಬ್ರುವರಿಯಲ್ಲಿ ಕೆಳಗಿನ ಕೋರ್ಟ್ ಗ್ರಿಫಿನ್ ವಾದವನ್ನು ಒಪ್ಪಲಿಲ್ಲ. ಏಪ್ರಿಲ್ 4ರಂದು ಗ್ರಿಫಿನ್ ಅವರೇ ಕೆಲಸ ಮಾಡುವ ಮೇಲ್ಮನವಿ ಕೋರ್ಟಿನ ಮೂವರ ಪೀಠ 2–1ರಲ್ಲಿ ಅವರ ಪರ ನಿಂತಿತು. 15 ಕೆಲಸದ ದಿನದೊಳಗೆ ಮಾಹಿತಿ ಕೊಡಿ, ಇಲ್ಲದಿದ್ದರೆ ಮತ ಲೆಕ್ಕಕ್ಕಿಲ್ಲ ಎಂದಿತು. ಒಂದು ವಾರದಲ್ಲಿ ರಾಜ್ಯ ಸುಪ್ರೀಂ ಕೋರ್ಟ್ ಅದನ್ನು ಅರ್ಧ ತಿದ್ದಿತು: ನೋಂದಣಿ ತಪ್ಪಿನ 60,000 ಮತ ಉಳಿಯಲಿ, ಅದು ಅಧಿಕಾರಿಗಳ ತಪ್ಪು. ಆದರೆ ಸೈನಿಕರು, ವಿದೇಶದವರು 30 ದಿನದಲ್ಲಿ ಗುರುತಿನ ಚೀಟಿ ಕಳಿಸಬೇಕು. ಇದನ್ನು ಒಪ್ಪದವರಲ್ಲಿ ರಿಪಬ್ಲಿಕನ್ ನ್ಯಾಯಮೂರ್ತಿ ರಿಚರ್ಡ್ ಡೀಟ್ಜ್ ಕೂಡ ಇದ್ದರು.

ಕೊನೆಗೆ ಇದಕ್ಕೆ ತೆರೆ ಎಳೆದವರು ಫೆಡರಲ್ ನ್ಯಾಯಾಧೀಶ ರಿಚರ್ಡ್ ಮೈಯರ್ಸ್. ಅವರನ್ನು ನೇಮಿಸಿದ್ದು ಟ್ರಂಪ್. ಮೇ 5ರಂದು ಅವರು ಕೊಟ್ಟ ತೀರ್ಪಿನ ತಿರುಳು: ಆಟ ಮುಗಿದ ಮೇಲೆ ನಿಯಮ ಬದಲಿಸುವಂತಿಲ್ಲ, ಅದೂ ಕೆಲವೇ ಕೌಂಟಿಯವರಿಗೆ. ಮೇ 7ರಂದು ಗ್ರಿಫಿನ್ ಸೋಲೊಪ್ಪಿಕೊಂಡರು. ಮೇ 13ರಂದು ರಿಗ್ಸ್ ಪ್ರಮಾಣವಚನ ತೆಗೆದುಕೊಂಡರು.

ಅಂದಹಾಗೆ 2020ರಲ್ಲಿ ಇದೇ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಸ್ಥಾನ 401 ಮತಗಳಲ್ಲಿ ತೀರ್ಮಾನವಾಗಿತ್ತು. ಆಗ ಸೋತವರು ಡೆಮಾಕ್ರಟಿಕ್ ಪಕ್ಷದ ಶೆರಿ ಬೀಸ್ಲಿ. ಅವರೂ ಮರುಎಣಿಕೆ ಕೇಳಿದರು, ತಕರಾರು ತೆಗೆದರು. ಆದರೆ ಡಿಸೆಂಬರ್‌ನಲ್ಲೇ ಸೋಲು ಒಪ್ಪಿಕೊಂಡರು.

ಲೆಕ್ಕ ಪರಿಶೋಧಕರ ಕೈಗೆ ಚುನಾವಣೆ

ಈಗ ಹಾಳೆಯ ಮಧ್ಯದಲ್ಲಿ ಯಾರೂ ಹೆಚ್ಚು ಗಮನಿಸದ ಒಂದು ಸಾಲಿಗೆ ಬರೋಣ. ಲೆಕ್ಕ ಪರಿಶೋಧಕ ಹುದ್ದೆ ಹಲವು ವರ್ಷ ಡೆಮಾಕ್ರಟಿಕ್ ಪಕ್ಷದ ಬೆತ್ ವುಡ್ ಅವರ ಬಳಿ ಇತ್ತು. 2022ರ ಡಿಸೆಂಬರ್‌ನಲ್ಲಿ ಒಂದು ಪಾರ್ಟಿ ಮುಗಿಸಿ ಹೊರಟ ಅವರು ಸರ್ಕಾರಿ ಕಾರನ್ನು ನಿಂತಿದ್ದ ಇನ್ನೊಂದು ಕಾರಿಗೆ ಗುದ್ದಿ, ಅಲ್ಲಿಂದ ಹೊರಟುಹೋದರು. ತಪ್ಪೊಪ್ಪಿಗೆ ಆಯಿತು, ಮುಂದೆ ಸರ್ಕಾರಿ ವಾಹನ ದುರ್ಬಳಕೆಯ ಆರೋಪವೂ ಬಂತು. ಒಂದು ವರ್ಷದ ನಂತರ ರಾಜೀನಾಮೆ. ಕೂಪರ್ ನೇಮಿಸಿದ ಜೆಸಿಕಾ ಹೋಮ್ಸ್ 2024ರಲ್ಲಿ ರಿಪಬ್ಲಿಕನ್ ಪಕ್ಷದ ಡೇವ್ ಬೋಲೆಕ್ ಎದುರು ಸೋತರು.

ರಿಪಬ್ಲಿಕನ್ನರು ಹೊಸದಾಗಿ ಗೆದ್ದ ಹುದ್ದೆ ಇದು. ಚುನಾವಣೆ ಮುಗಿದು ಎರಡು ವಾರ ಕಳೆಯುವಷ್ಟರಲ್ಲಿ ಶಾಸನಸಭೆಯಲ್ಲಿ ನೂರಕ್ಕೂ ಹೆಚ್ಚು ಪುಟದ ಒಂದು ಮಸೂದೆ ಬಂತು. ಹೆಸರು ಹೆಲೀನ್ ಸಂತ್ರಸ್ತರ ಪರಿಹಾರ. ಒಳಗಿದ್ದ ಬಹುಪಾಲು ಬೇರೆಯೇ. ರಾಜ್ಯ ಚುನಾವಣಾ ಮಂಡಳಿಯನ್ನು ನೇಮಿಸುವ ಅಧಿಕಾರ ಅಲ್ಲಿಯವರೆಗೆ ಗವರ್ನರ್‌ದಾಗಿತ್ತು. ಇನ್ನು ಮುಂದೆ ಅದು ಲೆಕ್ಕ ಪರಿಶೋಧಕರದ್ದು. ಪರಿಶೀಲನೆಗೆ ಇಟ್ಟ ಮತಗಳನ್ನು ಎಣಿಸುವ ಗಡುವನ್ನೂ ಮೊಟಕು ಮಾಡಿದರು. ಕೂಪರ್ ವಿಟೊ ಹಾಕಿದರು. ಹಳೆಯ ಶಾಸನಸಭೆಯ ಅವಧಿ ಇನ್ನೂ ಉಳಿದಿತ್ತು, 72 ಇನ್ನೂ 72 ಆಗಿತ್ತು. ಮೊದಲ ಸಲ ಈ ಮಸೂದೆಗೆ ವಿರುದ್ಧ ಮತ ಹಾಕಿದ್ದ ಪಶ್ಚಿಮ ಭಾಗದ ಮೂವರು ರಿಪಬ್ಲಿಕನ್ ಶಾಸಕರು ಎರಡನೇ ಸಲ ಸಾಲಿಗೆ ಬಂದರು. ಡಿಸೆಂಬರ್ 11ರಂದು ವಿಟೊ ಬಿದ್ದುಹೋಯಿತು.

ನನಗೆ ಇಡೀ ಪ್ರಕರಣದಲ್ಲಿ ಅತಿ ಮುಖ್ಯ ಅನ್ನಿಸುವುದು ಈ ಭಾಗವೇ. 30.69 ಲಕ್ಷ ಜನ ಆರಿಸಿದ ಗವರ್ನರ್ ಪ್ರಮಾಣವಚನ ತೆಗೆದುಕೊಳ್ಳುವ ಮೊದಲೇ ಅವರ ಹುದ್ದೆಯ ಒಂದು ಭಾಗ ಕಳಚಿ ಹೋಗಿತ್ತು. ಲೆಕ್ಕ ಪರಿಶೋಧಕರಿಗೆ ಮತ ಹಾಕಿದವರಿಗೆ ತಾವು ಚುನಾವಣೆ ನಡೆಸುವವರನ್ನು ಆರಿಸುತ್ತಿದ್ದೇವೆ ಎಂದು ಗೊತ್ತೇ ಇರಲಿಲ್ಲ. ಡೆಮಾಕ್ರಟರು ಹಿಂದೆ ಬಹುಮತ ಇದ್ದಾಗ ನಕ್ಷೆಯ ಆಟ ಆಡಿಲ್ಲವೇ ಅಂತ ಕೇಳಬಹುದು. ಆಡಿದ್ದಾರೆ, ದಶಕಗಳ ಕಾಲ. ಅದರಿಂದ ಇದು ಸರಿಯಾಗುವುದಿಲ್ಲ.

ಒಂದೇ ದೇಶ ಒಂದೇ ಚುನಾವಣೆಯ ಮಸೂದೆ ನಮ್ಮ ಲೋಕಸಭೆಗೆ ಬಂದದ್ದೂ ಅದೇ 2024ರ ಡಿಸೆಂಬರ್‌ನಲ್ಲಿ. ಒಟ್ಟಿಗೆ ಮತದಾನ ಮಾಡಿದರೆ ದೇಶದ ಅಲೆಯಲ್ಲಿ ರಾಜ್ಯದ ವಿಷಯ ಕೊಚ್ಚಿಹೋಗುತ್ತದೆ ಎಂಬ ವಾದ ಇಲ್ಲಿ ಜೋರಾಗಿದೆ. ಕರ್ನಾಟಕ 1999 ಮತ್ತು 2004ರಲ್ಲಿ ಎರಡಕ್ಕೂ ಒಟ್ಟಿಗೆ ಮತ ಹಾಕಿದೆ. 2004ರಲ್ಲಿ ಬಿಜೆಪಿಗೆ ಲೋಕಸಭೆಯ 28ರಲ್ಲಿ 18 ಸ್ಥಾನ ಸಿಕ್ಕಿತು, ವಿಧಾನಸಭೆಯ 224ರಲ್ಲಿ 79 ಮಾತ್ರ. ಬೇರೆ ಬೇರೆ ದಿನ ಮತ ಹಾಕಿದಾಗ ನಮ್ಮವರು ಇನ್ನೂ ದೊಡ್ಡ ತಿರುವು ತೋರಿಸಿದ್ದಾರೆ. 1984ರ ಡಿಸೆಂಬರ್‌ನಲ್ಲಿ ಕಾಂಗ್ರೆಸ್‌ಗೆ 28ರಲ್ಲಿ 24 ಕೊಟ್ಟು, 1985ರ ಮಾರ್ಚ್‌ನಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ 139 ಶಾಸಕರನ್ನು ಕೊಟ್ಟರು. ಮತದಾರರ ವಿವೇಚನೆ ಬಗ್ಗೆ ನನಗೆ ಅಷ್ಟೇನೂ ಆತಂಕ ಇಲ್ಲ. ನಾರ್ತ್ ಕ್ಯಾರೊಲೈನಾ ನೋಡಿದ ಮೇಲೆ ನಾನು ಕೇಳುವುದು ಆಯೋಗವನ್ನು ಯಾರು ನೇಮಿಸುತ್ತಾರೆ, ಮರುವಿಂಗಡಣೆ ಯಾರು ಮಾಡುತ್ತಾರೆ ಎಂಬುದನ್ನು.

ಮತ್ತೆ ನಾರ್ತ್ ಕ್ಯಾರೊಲೈನಾಕ್ಕೆ ಬರೋಣ. ಚುನಾವಣಾ ಮಂಡಳಿಯ ನೇಮಕವನ್ನು ಲೆಕ್ಕ ಪರಿಶೋಧಕರಿಗೆ ಕೊಟ್ಟ ಕಾನೂನು ನಡೆಯುವುದಿಲ್ಲ ಎಂದು 2025ರ ಏಪ್ರಿಲ್ 23ರಂದು ಅಲ್ಲಿನ ಒಂದು ಕೋರ್ಟ್ ಹೇಳಿತು. ಒಂದು ವಾರದಲ್ಲಿ ಮೇಲ್ಮನವಿ ಕೋರ್ಟ್ ಕಾರಣ ಕೊಡದೆಯೇ ಅದನ್ನು ಜಾರಿಗೆ ಬಿಟ್ಟಿತು. ಬೋಲೆಕ್ ಹೊಸ ಮಂಡಳಿ ನೇಮಿಸಿದರು, ಅದರಲ್ಲಿ ರಿಪಬ್ಲಿಕನ್ನರು 3, ಡೆಮಾಕ್ರಟರು 2. ಗ್ರಿಫಿನ್ ಸೋಲೊಪ್ಪಿದ ಮೇ 7ರಂದೇ ಆ ಮಂಡಳಿ ಹಳೆಯ ನಿರ್ದೇಶಕಿ ಕ್ಯಾರೆನ್ ಬ್ರಿನ್ಸನ್ ಬೆಲ್ ಅವರ ಜಾಗಕ್ಕೆ ಸ್ಯಾಮ್ ಹೇಯ್ಸ್ ಅವರನ್ನು ತಂದಿತು. ಹೇಯ್ಸ್ ಹಿಂದೆ ಟಿಮ್ ಮೂರ್ ಸ್ಪೀಕರ್ ಆಗಿದ್ದಾಗ ಅವರ ಕಚೇರಿಯ ವಕೀಲರಾಗಿದ್ದವರು. ಫೆಡರಲ್ ನ್ಯಾಯ ಇಲಾಖೆ ಮೊಕದ್ದಮೆ ಹೂಡಿದ ಮೇಲೆ, ದಾಖಲೆಯಲ್ಲಿ ಸಂಖ್ಯೆ ಇಲ್ಲದ ಸುಮಾರು ಒಂದು ಲಕ್ಷ ಮತದಾರರಿಂದ ಅದನ್ನು ಕೇಳಿ ಪಡೆಯುವ ಕೆಲಸವನ್ನು ಹೊಸ ಮಂಡಳಿ ಜುಲೈನಲ್ಲಿ ಶುರು ಮಾಡಿತು. ಚುನಾವಣೆಗೆ ಮೊದಲೇ ಮಾಡಬಹುದಾಗಿದ್ದ ಕೆಲಸ ಅದು.

ಇನ್ನು ಆ 14 ಕ್ಷೇತ್ರಗಳ ನಕ್ಷೆ. 2024ರಲ್ಲಿ ಡೆಮಾಕ್ರಟರು ಉಳಿಸಿಕೊಂಡ ನಾಲ್ಕರಲ್ಲಿ ಈಶಾನ್ಯ ಭಾಗದ 1ನೇ ಕ್ಷೇತ್ರವೂ ಒಂದು. ಡಾನ್ ಡೇವಿಸ್ ಅಲ್ಲಿ ಶೇ 2ಕ್ಕಿಂತ ಕಡಿಮೆ ಅಂತರದಲ್ಲಿ ಗೆದ್ದಿದ್ದರು. 2025ರ ಅಕ್ಟೋಬರ್‌ನಲ್ಲಿ ಶಾಸನಸಭೆ ಆ ಕ್ಷೇತ್ರದ ಗೆರೆಯನ್ನು ಮತ್ತೆ ಬದಲಿಸಿತು, ಈ ಸಲ ಗುರಿ 11–3. ಗವರ್ನರ್ ಸ್ಟೈನ್ ಖಂಡಿಸಿ ಹೇಳಿಕೆ ಕೊಟ್ಟರು. ವಿಟೊ ಹಾಕಲು ಆ ನಕ್ಷೆ ಅವರ ಮೇಜಿಗೆ ಬರಲೇ ಇಲ್ಲ.